ಏಳನೇ ನಂಬರ್ ಬಸ್ಸಿನಿಂದ ಬಿಡುಗಡೆ ಕೋರಿ

ಡಿಪೋ ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ಏಳನೇ ನಂಬರ್ ಬಸ್ಸನ್ನು ಹನ್ನೊಂದು ವರ್ಷದಿಂದ ಓಡಿಸುತ್ತಿದ್ದೇನೆ. ಕಳೆದ ತಿಂಗಳು ರಜೆಯ ದಿನ, ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನಾದಿನಿಯ ಮನೆಗೆ ಹೊರಟವನು ಸೀದಾ ಡಿಪೋ ಗೇಟಿಗೆ ಬಂದು ನಿಂತೆ. "ಕೊನೇ ಸ್ಟಾಪ್ ಬಂತೇನ್ರೀ, ಇಳೀಲಾ?" ಎಂದು ಅವಳು ನಕ್ಕಳು. ನಾನು ಮಾತ್ರ ಮರುದಿನವೇ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ಪರೀಕ್ಷಿಸಿ, "ಕಾಯಿಲೆ ಏನಿಲ್ಲ ಕಣ್ರೀ, ತಲೆಗೆ ಹೊಸ ಕೆಲಸ ಕೊಡಿ" ಎಂದರು. ಅಂದಿನಿಂದ ಎಡಗೈಯಲ್ಲಿ ಹಲ್ಲುಜ್ಜುತ್ತೇನೆ, ದಿನಕ್ಕೊಂದು ಬೀದಿ ಹಿಡಿದು ಮನೆಗೆ ನಡೆಯುತ್ತೇನೆ.

ದಯವಿಟ್ಟು ನನಗೆ ಹನ್ನೆರಡನೇ ನಂಬರಿನ ರೂಟು ಕೊಡಿ. ಅದರ ಇಪ್ಪತ್ತಾರು ಸ್ಟಾಪುಗಳನ್ನೂ ಬಾಯಿಪಾಠ ಮಾಡಿದ್ದೇನೆ. ನಿನ್ನೆ ಹೆಂಡತಿ ಒಪ್ಪಿಸಿಕೊಂಡಾಗ ಎರಡು ಮಾತ್ರ ತಪ್ಪಿದವು. ಅಲ್ಲಿ ಇಳಿಯಬೇಕಾದವರು ಹೇಗೂ ಕೂಗಿಕೊಳ್ಳುತ್ತಾರೆ.

ತಮ್ಮ ಅಪ್ಪಣೆಗೆ ಕಾದಿರುವ,
ಚಾಲಕ