ಸೇತುವೆಯ ತಿರುವಿನಲ್ಲಿ ನಿಲ್ಲಬೇಡ

ಅಕ್ಕನ ಮುದ್ದಿನ ಮಗಳಿಗೆ, ಮಾವನ ಆಶೀರ್ವಾದ.

ಅಪ್ಪನ ರಿಪೇರಿಯಾದ ಕಾರನ್ನು ಇನ್ನು ನೀನೇ ಓಡಿಸುತ್ತೀಯಂತೆ, ಸಂತೋಷ. ಆಕ್ಸಿಲರೇಟರ್ ಒತ್ತುವ ಕಾಲಿಗೆ ನಿಮ್ಮಮ್ಮನ ಆತುರ ಬೇಡ. ಒಂದೇ ಹದದಲ್ಲಿ ಓಡಿಸಿದರೆ ಪೆಟ್ರೋಲೂ ಉಳಿಯುತ್ತದೆ. ಟೈರ್ ಒಡೆದರೆ ಬ್ರೇಕ್ ಒತ್ತಬೇಡ, ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು ವೇಗ ತಾನಾಗಿ ಇಳಿಯಲು ಬಿಡು. ರಿಮ್ಮು ನಜ್ಜುಗುಜ್ಜಾದರೂ ಸರಿ, ನೇರ ರಸ್ತೆ ಸಿಗುವವರೆಗೆ ನಿಧಾನವಾಗಿ ಹೋಗು. "ರಿಮ್ಮು ಹಾಳಾಗತ್ತೆ ಕಣೋ, ಇಲ್ಲೇ ಬದಲಾಯಿಸ್ತೀನಿ" ಎಂದು ಫೋನಿನಲ್ಲಿ ನನಗೆ ಹೇಳಿ, ನಿಮ್ಮಪ್ಪ ಸೇತುವೆಯ ತಿರುವಿನಲ್ಲೇ ಇಳಿದರು. ಹಿಂದಿನಿಂದ ಬಂದ ಲಾರಿಯವನಿಗೆ ಅವರು ಕಾಣಲಿಲ್ಲ.

ಇನ್ನೊಂದು ಮಾತು, ಅಮ್ಮನಿಗೆ ಹೇಳಬೇಡ. ಆ ತಿರುವಿನಲ್ಲಿ ಯಾರೋ ಚಕ್ರ ಬಿಚ್ಚುತ್ತಾ ಕೂತಂತೆ ಕಂಡರೆ, ಅದು ಅಪ್ಪನದೇ ಬೆನ್ನು ಅನ್ನಿಸಿದರೂ, ನಿಲ್ಲಿಸಬೇಡ. ಅವರ ಸಹಾಯಕ್ಕೆ ನಾನಿದ್ದೇನೆ, ಆ ದಾರಿಯಲ್ಲಿ ಹೋಗುವ ಪ್ರತಿ ಸಲವೂ ಇಳಿದು ನೋಡುತ್ತೇನೆ.

ಇತಿ,
ನಿನ್ನ ಮಾವ