ಐದು ಟನ್ನಿನ ಪ್ಲೇಟು

ನಮ್ಮ ವೆಲ್ಡಿಂಗ್ ಶೆಡ್ಡು,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ನಿನಗೆ ಕೆಮ್ಮು ಎಂದು ನಿನ್ನ ಹೆಂಡತಿ ಬರೆದಿದ್ದಳು, ಕಡಿಮೆಯಾಯಿತೇ? ಅವಳ ಮಾತು ಕೇಳಿ ಔಷಧಿ ಕುಡಿ; ಚಿಕ್ಕಂದಿನಿಂದಲೂ ನಿನಗೆ ಔಷಧಿ ಎಂದರೆ ಆಗದು. ಮಗುವಿಗೆ ಹಲ್ಲು ಬಂದಿರಬೇಕು, ಯಾರನ್ನಾದರೂ ಕಚ್ಚುತ್ತದೆಯೇ? ಕಚ್ಚಿದರೆ ನಮ್ಮ ಮನೆಯದೇ, ಅನುಮಾನ ಬೇಡ. ಚಿಕ್ಕಪ್ಪ ಕೋಲೂರಿಕೊಂಡೇ ಇಡೀ ಬೀದಿ ಸುತ್ತಿ ಬರುತ್ತಾರೆ. ಅಪ್ಪನಿಗೆ ಕಿವಿ ಮಂದ, ಬೇಕಾದ್ದು ಮಾತ್ರ ಕೇಳಿಸುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಶೆಡ್ಡಿನ ಹಿಂದೆ ನಮ್ಮ ಹಳೆಯ ಲಾರಿ ನಿಂತಿದೆಯಲ್ಲ, ಅಂದು ಉರುಳಿದ ಮೇಲೆ ಯಾರೂ ಮುಟ್ಟದ ಲಾರಿ? ಅದನ್ನು ಕೊಳ್ಳಲು ಇವತ್ತು ಬೆಳಗ್ಗೆ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಹಳೆಯ ಲಾರಿಗಳೆಂದರೆ ಅವರಿಗೆ ಹುಚ್ಚು. ಬಂದವರೇ ಕ್ಯಾಬಿನ್ ಬಾಗಿಲ ಪಕ್ಕದ ಪ್ಲೇಟಿಗೆ ಮೂಗು ತಾಗಿಸಿ, ಕೈಪುಸ್ತಕ ಬಿಚ್ಚಿ ಓದತೊಡಗಿದರು. ಭಾರದ ಅಂಕಿಯೊಂದನ್ನು ಬಿಟ್ಟರೆ ಅದರಲ್ಲಿ ನಮಗೆ ಏನು ತಾನೇ ಗೊತ್ತಿತ್ತು? ಮೊದಲೆರಡು ಅಂಕಿ ಗಾಡಿ ಹುಟ್ಟಿದ ವರ್ಷವಂತೆ, ನಡುವಿನ ಅಕ್ಷರ ಯಾವ ಜಾತಿಯ ಗಾಡಿ ಎಂಬುದಕ್ಕಂತೆ, ಕೊನೆಯದು ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ನಂಬರಂತೆ. ಆಮೇಲೆ ಅಡಿಗೆ ತೂರಿ, ಚಾಸಿಯ ತುಕ್ಕು ಕೆರೆದು, ಅಲ್ಲಿ ಕೊರೆದಿದ್ದ ನಂಬರು ನೋಡಿದರು. ಹೊರಗೆ ಬಂದಾಗ ಅವರ ಮುಖವೇ ಬೇರೆಯಾಗಿತ್ತು. "ಏನಮ್ಮಾ ಇದು, ತಲೆ ಒಂದರದ್ದು, ಮೈ ಇನ್ನೊಂದರದ್ದು! ಕೆಳಗಿರೋದು ಮೂರೇ ಟನ್ನಿನ ಗಾಡಿ."

ಆ ತಲೆ ಕೂರಿಸಿದವಳು ನಾನೇ ಕಣೋ! ಕ್ಯಾಬಿನ್ ತುಕ್ಕು ಹಿಡಿದು ಉದುರಿದಾಗ ಗುಜರಿಯಿಂದ ಅಂಥದೇ ಇನ್ನೊಂದು ತಂದು ನಾನೇ ಜೋಡಿಸಿದ್ದೆ. ನಮ್ಮ ಹಳೆಯ ಪ್ಲೇಟಿನಲ್ಲಿ ಒಂದಕ್ಷರವೂ ಉಳಿದಿರಲಿಲ್ಲ, ಅಪ್ಪ ಅಂದಾಜಿನ ಮೇಲೆ ಇಟ್ಟಿಗೆ ಹೇರಿಸುತ್ತಿದ್ದರು. ಗುಜರಿಯದು ಉಜ್ಜಿದರೆ ಫಳಫಳ, ಐದು ಟನ್ ಎಂದು ಸ್ಪಷ್ಟವಾಗಿತ್ತು. "ಅಪ್ಪಾ, ಕೊನೆಗೂ ಗೊತ್ತಾಯ್ತು ನೋಡು!" ಎಂದು ಕುಣಿದೆ. ಇಟ್ಟಿಗೆ ಕಾರ್ಖಾನೆಯ ಅಂಗಳ ಬಿಟ್ಟು ರಸ್ತೆಗೇ ಇಳಿಯದ ಗಾಡಿ, ಅದರ ಕಾಗದಪತ್ರ ಯಾರು ನೋಡುತ್ತಾರೆ? ಅಂದಿನಿಂದ ಆ ಪ್ಲೇಟು ಹೇಳಿದಷ್ಟೇ ಹೇರು ಎಂಬುದು ಅಪ್ಪನ ಕಟ್ಟಪ್ಪಣೆಯಾಯಿತು.

ಅಂಗಳದ ಇಳಿಜಾರಿನಲ್ಲಿ ಹಿಂದಿನ ಸ್ಪ್ರಿಂಗ್ ಮುರಿದು ಲಾರಿ ಉರುಳಿ, ಚಿಕ್ಕಪ್ಪನ ಕಾಲು ಅಡಿಗೆ ಸಿಕ್ಕ ದಿನ, ಇಟ್ಟಿಗೆ ಹೇರಿದ್ದ ನೀನು ಬಿಡಿಸಿ ಬಿಡಿಸಿ ಹೇಳಿದೆ, "ಅಕ್ಕಾ, ಐದೇ ಟನ್ ಹಾಕಿದ್ದು, ಒಂದಿಟ್ಟಿಗೆ ಜಾಸ್ತಿ ಇಲ್ಲ." ಅಪ್ಪ ಏನಂದರು? "ಐದು ಟನ್ ಹೊರೋ ಗಾಡಿ ಐದು ಟನ್ನಿಗೇ ಮುರಿಯುತ್ತಾ? ಸುಳ್ಳ!" ನಾನೇನು ಕಮ್ಮಿಯೇ? ಒಂದು ಟ್ರಿಪ್ ಉಳಿಸೋಕೆ ಹೋಗಿ ಚಿಕ್ಕಪ್ಪನ ಕಾಲು ತಿಂದೆ ಎಂದು ಬಾಯಿಗೆ ಬಂದಂತೆ ಅಂದೆ. ನೀನು ಉಟ್ಟ ಬಟ್ಟೆಯಲ್ಲೇ ಹೊರಟುಹೋದೆ. ಒಂಬತ್ತು ವರ್ಷ, ತಮ್ಮಾ! ನೀನು ಹೇಳಿದ್ದು ಪೂರ್ತಿ ನಿಜವಾಗಿತ್ತು.

ಕ್ಷಮಿಸು ಎನ್ನಲು ನನಗೆ ಯಾವ ಮುಖವಿದೆ? ಬೈದು ನಾಲ್ಕು ಪುಟ ಬರೆ, ಒಂದಕ್ಷರ ಬಿಡದೆ ಓದುತ್ತೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಒಳಗೆ ಕಿಟಕಿಯ ಹತ್ತಿರ ಕೂತು ಪೇಪರು ಓದುತ್ತಿದ್ದಾರೆ. ಮಗನನ್ನು ಸುಳ್ಳ ಎಂದವರು ಅವರು, ಎನ್ನಿಸಿದವಳು ನಾನು. ಯಾವ ಬಾಯಲ್ಲಿ ಹೇಳಲಿ?

ಮಗುವಿಗೆ ಮುತ್ತು, ನಿನ್ನ ಹೆಂಡತಿಗೆ ಆಶೀರ್ವಾದ. ನೀನು ಚೆನ್ನಾಗಿರು.

ನಿನ್ನ ಬಾಯಿಬಡುಕಿ ಅಕ್ಕ

ತಾ.ಕ.: ಹೇಳಿಬಿಟ್ಟೆ. ಅಪ್ಪ ಲಾರಿಯಡಿ ಬಗ್ಗಿ ಆ ನಂಬರನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅಂಗಿ ಬದಲಾಯಿಸಿ ಬಂದು, "ಅವನೂರಿಗೆ ಬಸ್ಸು ಎಷ್ಟೊತ್ತಿಗೆ?" ಎಂದರು. ಅದಕ್ಕೇ ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಕೈಗಿದನ್ನು ಕೊಟ್ಟು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದಾರಲ್ಲ, ಒಳಗೆ ಕರಿಯೋ.