ಚೈನ್ ಕೂರಿಸಿದ ದಿನ

ಮಾರ್ಚ್ ೧೧, ಮಂಗಳವಾರ.

ಸೊಂಟ ಹಿಡಿದುಕೊಂಡಿದೆ. ವಾಟರ್ ಪಂಪ್ ಸೋರುತ್ತದೆಂದು ಬಂದ ಲಾರಿ, ಮಧ್ಯಾಹ್ನಕ್ಕೆ ಕಳಿಸಿಬಿಡಬಹುದು ಅಂದುಕೊಂಡಿದ್ದೆ. ಇಂಜಿನ್ನಿನ ಮುಂದಿನ ಮುಚ್ಚಳ ಬಿಚ್ಚಿದರೆ, ಒಳಗಿನ ಹಲ್ಲುಚಕ್ರಗಳನ್ನು ಜೊತೆಯಾಗಿ ತಿರುಗಿಸುವ ಟೈಮಿಂಗ್ ಚೈನ್ ಹಳೇ ಲಾಡಿಯಂತೆ ಜೋತುಬಿದ್ದಿತ್ತು. ಪಂಪಿನ ಜೊತೆ ಅದನ್ನೂ ಬದಲಿಸದೆ ವಿಧಿಯಿರಲಿಲ್ಲ.

ಹೊಸ ಚೈನ್ ಹಾಕಿದ ಮೇಲೆ ಒಬ್ಬ ಲಾರಿ ಕೆಳಗೆ ಮಲಗಿ ಸ್ಪ್ಯಾನರಿನಿಂದ ಇಂಜಿನ್ ತಿರುಗಿಸಬೇಕು, ಇನ್ನೊಬ್ಬ ಮೇಲಿಂದ ಆ ಹಲ್ಲುಚಕ್ರಗಳ ಗುರುತು ಒಂದಕ್ಕೊಂದು ಕೂಡುವುದನ್ನು ನೋಡಿ ನಿಲ್ಲಿಸಬೇಕು. ಗ್ಯಾರೇಜಿನಲ್ಲಿ ಇರುವುದು ನಾನು ಮತ್ತು ಅಣ್ಣ. ಅಪ್ಪನ ಸ್ಪ್ಯಾನರ್ ಪೆಟ್ಟಿಗೆ ಯಾರಿಗೆಂದು ಜಗಳವಾದಾಗಿನಿಂದ ನಮಗೆ ಮಾತಿಲ್ಲ.

"ತಿರುಗ್ಸೋಕೆ ಹೇಳಪ್ಪ ಅವನಿಗೆ," ಎಂದು ಅಣ್ಣ ಲಾರಿ ಡ್ರೈವರಿಗೆ ಹೇಳಿದ.

"ನಿಮ್ ತಮ್ಮಂಗೆ ನೀವೇ ಹೇಳ್ಕೊಳ್ಳಿ. ನಾನು ಟೀ ಕುಡ್ದು ಬರ್ತೀನಿ," ಎಂದು ಡ್ರೈವರ್ ಹೊರಟೇಹೋದ.

ನಾನು ಕೆಳಗೆ ಮಲಗಿ, ಸ್ಪ್ಯಾನರ್ ಬೋಲ್ಟಿಗೆ ಹಾಕಿ ಹಿಡಿದಿದ್ದೆ. ಕೊನೆಗೆ ಅಣ್ಣ, "ತಿರುಗ್ಸು," ಎಂದ. ತಿರುಗಿಸಿದೆ. "ನಿಧಾನ. ಹಾಂ, ಸಾಕು."

ಎರಡು ಸುತ್ತಾಗಿ ಗುರುತುಗಳು ಮತ್ತೆ ಕೂಡಿದರೆ ಕೆಲಸ ಮುಗಿದಂತೆ, ಅಪ್ಪ ಕಲಿಸಿದ್ದು. ಕೂಡಿದವು. "ಸರಿಯಾಗಿದೆ," ಎಂದ ಅಣ್ಣ. ಆಮೇಲೆ, "ಇನ್ನೊಂದ್ ಸಲ ತಿರುಗ್ಸು, ನೋಡೋಣ," ಎಂದ.

ಸ್ಪ್ಯಾನರ್ ಮತ್ತೆ ಬೋಲ್ಟಿಗೆ ಹಾಕಿದೆ. ತಿರುಗಿಸಿದೆ, ಈ ಸಲ ಬೇಕೆಂದೇ ನಿಧಾನವಾಗಿ.